ನಮ್ಮ ಸಣ್ಣ ಸಭೆ ಕಣ್ಣಿನ ಶಿಬಿರ ನಡೆಸಿದ ಒಂಬತ್ತು ತಿಂಗಳು

ಕಳೆದ ಜೂನ್ ತಿಂಗಳ ಒಂದು ಬುಧವಾರ ಸಂಜೆ, ಪ್ರಾರ್ಥನಾ ಕೂಟಕ್ಕೆ ಬರುತ್ತಿದ್ದ ನಮ್ಮ ಸಭೆಯ ಹಿರಿಯ ತಾಯಿಯೊಬ್ಬರು ಚರ್ಚಿನ ಗೇಟಿನ ಎದುರಿನ ಗಟಾರದಲ್ಲಿ ಬಿದ್ದು ಮುಂಗೈ ಮುರಿದುಕೊಂಡರು. ನಲವತ್ತು ವರ್ಷ ನಡೆದಾಡಿದ ದಾರಿ ಅದು. ಗಟಾರದ ಮೇಲಿನ ಹಾಸುಗಲ್ಲೊಂದು ಅಂದು ಮಧ್ಯಾಹ್ನ ಸರಿದಿತ್ತು, ಅಷ್ಟೇ. ಕೈಗೆ ಪಟ್ಟಿ ಹಾಕಿಸುವಾಗ ತಿಳಿದದ್ದು, ಅವರ ಎರಡೂ ಕಣ್ಣುಗಳಲ್ಲಿ ಪೊರೆ ಬೆಳೆದು ಎರಡು ವರ್ಷ ಆಗಿದೆ, ಹೆಜ್ಜೆ ಎಣಿಸಿಕೊಂಡು, ಹಾಡಿನ ದನಿ ಹಿಡಿದುಕೊಂಡು ಅವರು ಚರ್ಚಿಗೆ ಬರುತ್ತಿದ್ದಾರೆ ಎಂಬುದು. ಯಾಕವ್ವ ಯಾರಿಗೂ ಹೇಳಲಿಲ್ಲ ಎಂದು ಕೇಳಿದ್ದಕ್ಕೆ, "ಹೇಳಿದ್ರ ಮನ್ಯಾಗ ಕೂಡ್ಸತಾರ ಟೀಚರ್, ಚರ್ಚಿಗಿ ಬಿಡಂಗಿಲ್ಲ" ಎಂದರು.

ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿ ನಿವೃತ್ತಳಾದವಳು, ಹುಮನಾಬಾದ್ ತಾಲ್ಲೂಕಿನ ನಮ್ಮ ಊರಿನ ಮೆಥೊಡಿಸ್ಟ್ ಕ್ರೈಸ್ತ ಸಭೆಯ ಕಾರ್ಯದರ್ಶಿ. ಸಭೆಗೆ ಸೇರಿದ ಮನೆಗಳು 34. ಅವುಗಳಲ್ಲಿ ಹೆಚ್ಚಿನವು ಕೂಲಿಯ ಮನೆಗಳು. ಎರಡು ಮೂರು ಎಕರೆಯಲ್ಲಿ ತೊಗರಿ, ಸೋಯಾ ಬೆಳೆಯುವವರು ಆರೇಳು ಮಂದಿ, ಸಂಬಳದವರು ನಾಲ್ಕೇ ಮಂದಿ. ಇಷ್ಟು ಜನ ಸೇರಿ ನಮ್ಮೂರು ಮತ್ತು ಸುತ್ತಲಿನ ಮೂರು ಹಳ್ಳಿಗಳ ಹಿರಿಯರಿಗೆ ಕಣ್ಣಿನ ತಪಾಸಣೆ ಮಾಡಿಸಿ, ಪೊರೆ ಇದ್ದವರಿಗೆ ಶಸ್ತ್ರಚಿಕಿತ್ಸೆ ಮಾಡಿಸಿದೆವು. ಕೊನೆಯ ತಂಡದ ಕೊನೆಯ ಪರೀಕ್ಷೆ ಕಳೆದ ಶನಿವಾರ ಮುಗಿಯಿತು. ಇಂಥ ಕೆಲಸಕ್ಕೆ ಕೈಹಾಕಬೇಕೆಂದಿರುವ ಬೇರೆ ಸಣ್ಣ ಸಭೆಗಳಿಗೂ ಸಂಘಗಳಿಗೂ ನಾವು ಎಲ್ಲೆಲ್ಲಿ ತಡವರಿಸಿದೆವು ಎಂಬುದು ಗೊತ್ತಿರಲಿ ಎಂದು, ಮರೆಯುವ ಮೊದಲೇ ಬರೆಯುತ್ತಿದ್ದೇನೆ.

ಜುಲೈನ ಸಮಿತಿ ಸಭೆಯಲ್ಲಿ ಎಲ್ಲರ ಮನಸ್ಸಿನಲ್ಲಿದ್ದದ್ದು ಒಂದೇ ದಿನದ ಶಿಬಿರ. ವೈದ್ಯರು ಬರುತ್ತಾರೆ, ನೋಡುತ್ತಾರೆ, ಬೇಕಾದವರನ್ನು ಕರೆದೊಯ್ಯುತ್ತಾರೆ, ನಮ್ಮದು ಶಾಮಿಯಾನ ಮತ್ತು ಚಹಾದ ವ್ಯವಸ್ಥೆ ಎಂದುಕೊಂಡಿದ್ದೆವು. ಇಡೀ ಕೆಲಸದಲ್ಲಿ ನಾವು ಮಾಡಿದ ದೊಡ್ಡ ತಪ್ಪು ಅಂದಾಜು ಅದು. ತಪಾಸಣೆಗೆ ಹಿಡಿದದ್ದು ಒಂದು ದಿನ. ಅದಕ್ಕೆ ಮೊದಲು ಕಾಗದಗಳಿಗೆ ಆರು ತಿಂಗಳು, ಅನಂತರ ಮನೆಮನೆಗೆ ಹೋಗಿ ಕಣ್ಣಿಗೆ ಹನಿ ಹಾಕುವುದಕ್ಕೆ ಎರಡು ತಿಂಗಳು ಹಿಡಿಯಿತು. ಮೊದಲೇ ಗೊತ್ತಿದ್ದರೆ ಹಣವನ್ನೂ ಜನರನ್ನೂ ಬೇರೆ ರೀತಿಯಲ್ಲಿ ಹಂಚಿಕೊಳ್ಳುತ್ತಿದ್ದೆವು.

ಮೊದಲ ಕಾಗದ ನಮ್ಮದೇ ಪತ್ರ. ನಮ್ಮಂಥ ಸ್ಥಳೀಯ ಸಭೆಗೆ ಪ್ರತ್ಯೇಕ ನೋಂದಣಿ ಇಲ್ಲ. 1947ರಲ್ಲಿ ಹಲವು ಪ್ರೊಟೆಸ್ಟಂಟ್ ಸಭೆಗಳು ಕೂಡಿ ದಕ್ಷಿಣ ಇಂಡಿಯಾ ಸಭೆ (ಸಿಎಸ್‌ಐ) ರೂಪುಗೊಂಡಾಗ ಅದರಲ್ಲಿ ಸೇರದೆ ಉಳಿದ ಅಮೆರಿಕನ್ ಮೆಥೊಡಿಸ್ಟ್ ಪರಂಪರೆ ನಮ್ಮದು. 1981ರಿಂದ ಅದು ಮೆಥೊಡಿಸ್ಟ್ ಚರ್ಚ್ ಇನ್ ಇಂಡಿಯಾ ಎಂಬ ಸ್ವಾಯತ್ತ ಸಭೆಯಾಗಿದೆ. ಆದ್ದರಿಂದ ಆಸ್ಪತ್ರೆಗಾಗಲಿ ಇಲಾಖೆಗಾಗಲಿ ಕೊಡುವ ಪತ್ರಕ್ಕೆ ಸಭಾಪಾಲಕರ ಸಹಿಯ ಜೊತೆಗೆ, ಸುತ್ತಲಿನ ನಮ್ಮ ಸಭೆಗಳ ಮೇಲ್ವಿಚಾರಕರಾದ ಡಿಸ್ಟ್ರಿಕ್ಟ್ ಸೂಪರಿಂಟೆಂಡೆಂಟರ ಸಹಿಯೂ ಇದ್ದರೆ ಯಾರೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ. ನಾವು ಮೊದಲು ಸಭಾಪಾಲಕರ ಸಹಿಯ ಪತ್ರವನ್ನಷ್ಟೇ ಕೊಟ್ಟು, ಮೂರು ವಾರ ಕಾದು, ವಾಪಸು ಬಂದೆವು.

ಆಸ್ಪತ್ರೆ ಗೊತ್ತುಮಾಡುವಾಗ ಒಂದು ವಿಷಯ ಸ್ಪಷ್ಟವಾಗಿರಲಿ. ಹಿಂದಿನ ಕಾಲದಂತೆ ಶಾಲೆಯ ಕೋಣೆಯಲ್ಲಿ ಮಂಚ ಹಾಕಿ ಆಪರೇಷನ್ ಮಾಡುವುದು ಈಗ ಇಲ್ಲ, ಇರಲೂಬಾರದು. ಹಳ್ಳಿಯಲ್ಲಿ ತಪಾಸಣೆ ಮಾತ್ರ, ಶಸ್ತ್ರಚಿಕಿತ್ಸೆ ಆಸ್ಪತ್ರೆಯಲ್ಲೇ. ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ 1976ರಿಂದ ಇದೆ, ಅದರಡಿ ಪೊರೆಯ ಶಸ್ತ್ರಚಿಕಿತ್ಸೆಗೆ ರೋಗಿ ಹಣ ಕೊಡಬೇಕಾಗಿಲ್ಲ. ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಗೆ ಅರ್ಜಿ ಕೊಡಬೇಕು, ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತಿಳಿಸಬೇಕು. ಆಶಾ ಕಾರ್ಯಕರ್ತೆಯರನ್ನು ಮೊದಲ ದಿನದಿಂದಲೇ ಜೊತೆಗೆ ಸೇರಿಸಿಕೊಳ್ಳಿರಿ. ಯಾರ ಮನೆಯಲ್ಲಿ ಯಾರಿಗೆ ಕಾಣುವುದಿಲ್ಲ ಎಂಬುದು ಅವರಿಗೆ ಗೊತ್ತಿರುವಷ್ಟು ಮತ್ತಾರಿಗೂ ಗೊತ್ತಿರುವುದಿಲ್ಲ.

ಹಣದ ವಿಷಯ ಅಕ್ಟೋಬರ್‌ನ ಸುಗ್ಗಿ ಹಬ್ಬಕ್ಕೆ ಬಂತು. ಆ ವರ್ಷ ಸೋಯಾ ಕೊಯ್ಲಿನ ಹೊತ್ತಿಗೆ ಮಳೆ ಹಿಡಿದು ಕಾಳು ಕಪ್ಪಾಗಿತ್ತು, ಕಾಣಿಕೆಯನ್ನು ಈ ಕೆಲಸಕ್ಕೆ ಕೊಟ್ಟರೆ ಚರ್ಚಿನ ತಗಡು ಸೋರುವುದು ಹಾಗೆಯೇ ಉಳಿಯುತ್ತದೆ ಎಂಬ ಮಾತು ಎದ್ದಿತ್ತು. ಅಂದು ಸಭಾಪಾಲಕರು ಮೆಥೊಡಿಸ್ಟ್ ಪರಂಪರೆಯ ಸ್ಥಾಪಕ ಜಾನ್ ವೆಸ್ಲಿಯವರ ಕೊನೆಗಾಲದ ಒಂದು ಸಂಗತಿಯನ್ನು ಹೇಳಿದರು. 1785ರ ಜನವರಿಯಲ್ಲಿ, 81 ವರ್ಷದ ವೆಸ್ಲಿ ಐದು ದಿನ ಲಂಡನ್ನಿನ ಬೀದಿಗಳಲ್ಲಿ ಕರಗುವ ಹಿಮದಲ್ಲಿ ಕಾಲು ತೋಯಿಸಿಕೊಂಡು ನಡೆದು, ಬಡವರ ಬಟ್ಟೆಗಾಗಿ 200 ಪೌಂಡ್ ಬೇಡಿ ತಂದಿದ್ದರು. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಕೂಲಿಯ ತಾಯಿಯೊಬ್ಬರು ಎದ್ದು, ತಾವು ತಂದಿದ್ದ ಕುಂಬಳಕಾಯಿಯನ್ನು ಮೊದಲು ಹರಾಜಿಗೆ ಇಡಬೇಕೆಂದು ಕೇಳಿದರು. ಅದು 350 ರೂಪಾಯಿಗೆ ಹೋಯಿತು. ಹರಾಜು, ಕಾಣಿಕೆ ಎಲ್ಲ ಸೇರಿ ಕೂಡಿದ ಮೊತ್ತ 38,460 ರೂಪಾಯಿ. ತಗಡು ಈಗಲೂ ಸೋರುತ್ತದೆ.

ಇಲ್ಲೊಂದು ಎಚ್ಚರಿಕೆ. ನಮ್ಮ ಸದಸ್ಯರೊಬ್ಬರ ತಮ್ಮನ ಮಗ ಅಮೆರಿಕದಲ್ಲಿ ನೆಲೆಸಿ ಅಲ್ಲಿನ ಪೌರತ್ವ ಪಡೆದಿದ್ದಾನೆ. ಖರ್ಚಿನ ಅರ್ಧವನ್ನು ತಾನು ಕೊಡುತ್ತೇನೆ ಎಂದು ಅವನು ಫೋನ್ ಮಾಡಿದಾಗ ನಮಗೆಲ್ಲ ಕಣ್ಣು ತುಂಬಿ ಬಂದಿತ್ತು. ಆದರೆ 2010ರ ವಿದೇಶಿ ವಂತಿಗೆ ಕಾಯ್ದೆಯ ಪ್ರಕಾರ ನೋಂದಣಿಯಾಗಲಿ ಪೂರ್ವಾನುಮತಿಯಾಗಲಿ ಇಲ್ಲದ ಸಂಸ್ಥೆ ವಿದೇಶಿ ಪೌರರಿಂದ ಹಣ ಪಡೆಯುವಂತಿಲ್ಲ, ಅವರು ನಮ್ಮ ರಕ್ತಸಂಬಂಧಿಗಳೇ ಆದರೂ ಸರಿ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ದುಬೈಯಲ್ಲೋ ಸೌದಿಯಲ್ಲೋ ದುಡಿಯುವವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ವಂತಿಗೆ ಆಗುವುದಿಲ್ಲ. ಈ ವ್ಯತ್ಯಾಸವನ್ನು ಹುಮನಾಬಾದಿನ ಲೆಕ್ಕಪರಿಶೋಧಕರೊಬ್ಬರು ವಿವರಿಸಿದರು. ಆ ಹುಡುಗನಿಗೆ ಬೇಡವೆಂದು ಹೇಳುವುದು ನನಗೆ ಬಹಳ ಕಷ್ಟವಾಯಿತು.

ಮೊದಲ ದಿನಾಂಕ ನವೆಂಬರ್ ಕೊನೆಯ ಭಾನುವಾರ ಎಂದು ನಿಗದಿಯಾಗಿತ್ತು. ತೆಲಂಗಾಣದ ಧಾರೂರಿನಲ್ಲಿ ನಡೆಯುವ ಮೆಥೊಡಿಸ್ಟರ ಜಾತ್ರೆಗೆ ನಮ್ಮ ಅರ್ಧ ಸಭೆ ಹೋಗುವುದರಿಂದ ಅದು ಮುಗಿದ ಮೇಲಿನ ದಿನವನ್ನೇ ಕೇಳಿಕೊಂಡಿದ್ದೆವು. ಆಟೋದಲ್ಲಿ ಮೈಕು ಕಟ್ಟಿ ನಾಲ್ಕು ಊರುಗಳಲ್ಲಿ ಸಾರಿಸಿದ ಮರುದಿನ, ಶಿಬಿರಕ್ಕೆ ಮೂರೇ ದಿನ ಇರುವಾಗ, ತಂಡ ಬರುವುದಿಲ್ಲ ಎಂದು ಆಸ್ಪತ್ರೆಯವರು ಫೋನಿನಲ್ಲಿ ತಿಳಿಸಿದರು. ಕಾರಣ ಹೇಳಲಿಲ್ಲ. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಒಮ್ಮೆ ಮಾತು ತಪ್ಪಿದವರು ಎಂದು ಊರು ನಮ್ಮನ್ನು ನೋಡಿದರೆ ಮುಂದೆ ಯಾರು ನಂಬಿ ಬರುತ್ತಾರೆ ಎಂಬುದೇ ಚಿಂತೆ. ಬೆಳಗ್ಗೆ ಸ್ತ್ರೀ ಸಮಾಜದವರು ನಾಲ್ಕು ಗುಂಪಾಗಿ ಮನೆಮನೆಗೆ ಹೋಗಿ ಶಿಬಿರ ಮುಂದೆ ಹೋಗಿದೆ ಎಂದು ತಿಳಿಸಿ ಬಂದರು. ಆ ಬಳಿಕ ಬೀದರಿನ ಬೇರೊಂದು ಆಸ್ಪತ್ರೆಯನ್ನು ಕೇಳಿದೆವು, ಅವರು ಜನವರಿಯ ಎರಡನೆಯ ಭಾನುವಾರ ಕೊಟ್ಟರು. ಜನವರಿ ಕೊನೆಗೆ ಹುಮನಾಬಾದಿನಲ್ಲಿ ವೀರಭದ್ರೇಶ್ವರ ಜಾತ್ರೆ ಇರುವುದರಿಂದ ಅದಕ್ಕಿಂತ ತಡವಾಗಿದ್ದರೆ ಜನ ಬರುತ್ತಿರಲಿಲ್ಲ. ದಿನಾಂಕವನ್ನು ಬರಹದಲ್ಲಿ ಪಡೆಯದೆ ಮೈಕು ಕಟ್ಟಬೇಡಿರಿ.

ಈ ನಡುವೆ ಇನ್ನೊಂದು ಮಾತು ಊರಿನಲ್ಲಿ ಹರಡಿತ್ತು. ಚರ್ಚಿನವರು ಪುಕ್ಕಟೆ ಕಣ್ಣು ಮಾಡಿಸುತ್ತಾರೆಂದರೆ ಅದರ ಹಿಂದೆ ಏನಾದರೂ ಇರಬೇಕು ಎಂದು. ಪಂಚಾಯಿತಿ ಸದಸ್ಯರೊಬ್ಬರು ನೇರವಾಗಿಯೇ ನನ್ನನ್ನು ಕೇಳಿದರು: "ಆಪರೇಷನ್ ಆದಮ್ಯಾಲ ಹೆಸರು ಬದಲ್ ಮಾಡಂತ ಅಂತೀರೇನ್ರಿ ಟೀಚರ್?" ಅವರ ಮಕ್ಕಳಿಬ್ಬರಿಗೂ ನಾನೇ ಅಕ್ಷರ ಕಲಿಸಿದ್ದೆ, ಹಾಗಾಗಿ ಆ ಪ್ರಶ್ನೆ ನನಗೆ ನೋವು ಕೊಟ್ಟಿತು. ನಮ್ಮ ಯುವಕರಿಗೆ ಸಿಟ್ಟೂ ಬಂತು. ಆದರೆ ಕೇಳಿದವರು ಕೇಳಿದ್ದೇ ಒಳ್ಳೆಯದಾಯಿತು, ಕೇಳದೆ ಮನಸ್ಸಿನಲ್ಲಿ ಇಟ್ಟುಕೊಂಡವರಿಗೆ ನಾವು ಉತ್ತರ ಕೊಡಲು ಆಗುತ್ತಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ಚರ್ಚಿನ ಆವರಣದಲ್ಲಿ ಮಾಡುವ ಯೋಚನೆ ಬಿಟ್ಟು ಸರ್ಕಾರಿ ಶಾಲೆಯಲ್ಲಿ ಮಾಡುವುದೆಂದು ತೀರ್ಮಾನಿಸಿದೆವು. ಬ್ಯಾನರಿನಲ್ಲಿ ಗ್ರಾಮ ಪಂಚಾಯಿತಿಯ ಹೆಸರನ್ನು ಮೇಲೆ, ನಮ್ಮ ಸಭೆಯ ಹೆಸರನ್ನು ಕೆಳಗೆ ಹಾಕಿಸಿದೆವು. ಶಿಬಿರದ ಜಾಗದಲ್ಲಿ ಪ್ರಾರ್ಥನೆ, ಹಾಡು, ಕರಪತ್ರ ಏನೂ ಇರುವುದಿಲ್ಲ ಎಂದು ಸಭಾಪಾಲಕರೇ ಪಂಚಾಯಿತಿ ಕಟ್ಟೆಯ ಮೇಲೆ ನಿಂತು ಹೇಳಿದರು. ಆ ವಾರ ಹನುಮಾನ ಗುಡಿಯ ಮೈಕಿನಲ್ಲೂ ಮಸೀದಿಯ ಮೈಕಿನಲ್ಲೂ ಶಿಬಿರದ ದಿನಾಂಕವನ್ನು ಸಾರಲಾಯಿತು. ನಮ್ಮ ಪ್ರಾರ್ಥನೆಯನ್ನು ನಾವು ಅಂದು ಬೆಳಗ್ಗೆ ಐದೂವರೆಗೆ ಚರ್ಚಿನಲ್ಲಿ ಮುಗಿಸಿಕೊಂಡು ಶಾಲೆಗೆ ಹೋದೆವು. ಶಾಲೆ ಬೇಕೆಂದರೆ ಮುಖ್ಯೋಪಾಧ್ಯಾಯರ ಒಪ್ಪಿಗೆ, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಠರಾವು, ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಕಚೇರಿಯ ಅನುಮತಿ ಮೂರೂ ಬೇಕು. ನಮಗೆ 19 ದಿನ ಹಿಡಿಯಿತು.

ಶಿಬಿರದ ಹಿಂದಿನ ಭಾನುವಾರ, ದೇವರೊಂದಿಗಿನ ಒಡಂಬಡಿಕೆಯನ್ನು ಹೊಸದು ಮಾಡಿಕೊಳ್ಳುವ ಹೊಸ ವರ್ಷದ ಆರಾಧನೆಯಲ್ಲಿ, ಕೆಲಸವನ್ನು ಹಂಚಿದೆವು. ಮೆಥೊಡಿಸ್ಟರಲ್ಲಿ ಕ್ಲಾಸ್ ಎಂಬ ಹಳೆಯ ಪದ್ಧತಿಯಿದೆ. ಬ್ರಿಸ್ಟಲ್‌ನಲ್ಲಿ 1742ರಲ್ಲಿ ಪ್ರಾರ್ಥನಾ ಮಂದಿರದ ಸಾಲ ತೀರಿಸುವುದಕ್ಕಾಗಿ ಸದಸ್ಯರನ್ನು ಹನ್ನೆರಡು ಹನ್ನೆರಡು ಮಂದಿಯ ಗುಂಪು ಮಾಡಿ, ಒಬ್ಬ ನಾಯಕ ವಾರಕ್ಕೊಮ್ಮೆ ಪ್ರತಿಯೊಬ್ಬರ ಮನೆಗೆ ಹೋಗಿ ಒಂದೊಂದು ಪೆನ್ನಿ ತರುವ ಏರ್ಪಾಡು ಮಾಡಿದ್ದರು. ಹಣಕ್ಕೆಂದು ಹೋದವರು ಮನೆಯವರ ಕಷ್ಟಸುಖ ವಿಚಾರಿಸಿಕೊಂಡು ಬರತೊಡಗಿದರು, ಅದೇ ಮುಂದೆ ಆ ಸಭೆಯ ಬೆನ್ನೆಲುಬಾಯಿತು. ನಮ್ಮಲ್ಲಿ ಅದು ಹೆಸರಿಗಷ್ಟೇ ಉಳಿದಿತ್ತು. 34 ಮನೆಗಳನ್ನು ನಾಲ್ಕು ಕ್ಲಾಸುಗಳಾಗಿ ಮಾಡಿ, ಶಿಬಿರದಲ್ಲಿ ಪೊರೆ ಇದೆಯೆಂದು ಕಂಡುಬಂದ ಪ್ರತಿಯೊಬ್ಬರನ್ನೂ, ಅವರು ಯಾವ ಜಾತಿ ಮತದವರೇ ಆಗಿರಲಿ, ಒಂದೊಂದು ಮನೆಯ ಹೆಸರಿಗೆ ಬರೆಯುವುದೆಂದು ಗೊತ್ತುಮಾಡಿದೆವು. ಕಾಗದಪತ್ರ, ಪ್ರಯಾಣ, ಆಸ್ಪತ್ರೆ, ಮದ್ದು ಎಲ್ಲವೂ ಆ ಮನೆಯ ಹೊಣೆ. ಒಂಬತ್ತು ತಿಂಗಳಲ್ಲಿ ನಾವು ತೆಗೆದುಕೊಂಡ ತೀರ್ಮಾನಗಳಲ್ಲಿ ಸರಿಯಾದದ್ದು ಯಾವುದು ಎಂದು ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಶಿಬಿರದ ದಿನ 186 ಮಂದಿ ಬಂದರು. ಓದು ಬಾರದವರಿಗೆ ಇಂಗ್ಲಿಷಿನ ಇ ಅಕ್ಷರವನ್ನು ನಾಲ್ಕು ದಿಕ್ಕಿಗೆ ತಿರುಗಿಸಿ ಬರೆದ ಹಲಗೆ ಇರುತ್ತದೆ. ಆರು ಮೀಟರ್ ದೂರದಲ್ಲಿ ಕುಳಿತು ಅದರ ಕಾಲುಗಳು ಯಾವ ಕಡೆಗಿವೆ ಎಂದು ಕೈಯಿಂದ ತೋರಿಸಬೇಕು. ಆ ಆರು ಮೀಟರನ್ನು ನಾವು ಹಿಂದಿನ ರಾತ್ರಿಯೇ ಅಳೆದು ಸುಣ್ಣದ ಗೆರೆ ಎಳೆದಿದ್ದೆವು, ಬೆಳಗ್ಗೆ ಅದು ಬಹಳ ಅನುಕೂಲವಾಯಿತು. ಕತ್ತಲೆ ಮಾಡಬಲ್ಲ ಒಂದು ಕೋಣೆಯನ್ನೂ ತಯಾರಿಟ್ಟಿರಿ, ಕಿಟಕಿಗೆ ಕಂಬಳಿ ಕಟ್ಟಿದರೆ ಸಾಕು. ಬಂದವರಿಗೆ ಸುಸಲಾ, ಚಹಾ, ಮಧ್ಯಾಹ್ನ ಅನ್ನ ಮತ್ತು ತೊಗರಿ ಬ್ಯಾಳಿ. ಸಂಜೆಯ ಹೊತ್ತಿಗೆ 41 ಮಂದಿಗೆ ಪೊರೆಯ ಶಸ್ತ್ರಚಿಕಿತ್ಸೆ ಬೇಕೆಂದು ಬರೆದುಕೊಟ್ಟರು. ಒಬ್ಬರಿಗೆ ಇದ್ದದ್ದು ಗ್ಲಾಕೋಮಾ. ಒಳಗಿನ ನರ ಆಗಲೇ ಹಾಳಾಗಿತ್ತು. ಹೋದ ದೃಷ್ಟಿ ಬರುವುದಿಲ್ಲ, ಉಳಿದದ್ದನ್ನು ಮದ್ದಿನಿಂದ ಕಾಪಾಡಿಕೊಳ್ಳಬೇಕು ಎಂದು ವೈದ್ಯರು ಹೇಳಿದ್ದನ್ನು ಆ ಕಾಕಾನಿಗೆ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮತ್ತ ಇವರೆಲ್ಲರದ್ದೂ ಮೋತಿಬಿಂದು, ನಂದೊಂದೇ ಅಲ್ಲೇನು?" ಎಂದು ಕೇಳಿದರು (ಪೊರೆಗೆ ನಮ್ಮ ಕಡೆ ಮೋತಿಬಿಂದು ಎನ್ನುತ್ತಾರೆ). ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಕಾಗದಪತ್ರಗಳಲ್ಲಿ ಮುಖ್ಯವಾದವು ಆಧಾರ್, ಪಡಿತರ ಚೀಟಿ, ಆಯುಷ್ಮಾನ್ ಕಾರ್ಡ್. ಮೂವರಿಗೆ ಆಯುಷ್ಮಾನ್ ಕಾರ್ಡ್ ಮಾಡಿಸಲು ಹೋದಾಗ ಬೆರಳಚ್ಚು ಹತ್ತಲೇ ಇಲ್ಲ. ಅರವತ್ತು ವರ್ಷ ಕುಡಗೋಲು ಹಿಡಿದ ಬೆರಳುಗಳಲ್ಲಿ ಗೆರೆಗಳೇ ಉಳಿದಿರಲಿಲ್ಲ. ಎಣ್ಣೆ ಹಚ್ಚಿ, ಬಿಸಿನೀರಿನಲ್ಲಿ ತೊಳೆದು, ಮತ್ತೆ ಮತ್ತೆ ಒತ್ತಿಸಿದೆವು. ಕೊನೆಗೆ ಆಧಾರ್ ಕೇಂದ್ರಕ್ಕೆ ಕರೆದೊಯ್ದು ಬೆರಳಚ್ಚು ಹೊಸದಾಗಿ ಕೊಡಿಸಿ, ಮನೆಯವರ ಮೊಬೈಲ್ ಸಂಖ್ಯೆ ಜೋಡಿಸಿದ ಮೇಲೆ ಒಟಿಪಿಯಿಂದ ಕೆಲಸವಾಯಿತು. ಇದನ್ನು ಶಿಬಿರಕ್ಕೆ ಒಂದು ತಿಂಗಳು ಮೊದಲೇ ಮಾಡಿಸಿಕೊಳ್ಳುವುದು ಒಳ್ಳೆಯದು.

ಜನವರಿ ಮೂರನೆಯ ವಾರ ಹತ್ತು ಮಂದಿಯನ್ನು ಕ್ರೂಸರ್ ಗಾಡಿಯಲ್ಲಿ ಕೂಡಿಸಿಕೊಂಡು ಬೀದರಿಗೆ ಹೋದೆವು. ಅವರಲ್ಲಿ ನಾಲ್ವರನ್ನು ಆಸ್ಪತ್ರೆಯವರು ಮರಳಿ ಕಳಿಸಿದರು. ಇಬ್ಬರಿಗೆ ಸಕ್ಕರೆ ಹೆಚ್ಚು, ಒಬ್ಬರಿಗೆ ರಕ್ತದೊತ್ತಡ, ಒಬ್ಬರಿಗೆ ಕಣ್ಣೀರಿನ ನಾಳದಲ್ಲಿ ಸೋಂಕು. ಬೆಳಗಿನಿಂದ ಹೆದರಿಕೆಯನ್ನು ನುಂಗಿಕೊಂಡು ಕುಳಿತಿದ್ದವರು ಸಂಜೆ ಹಾಗೆಯೇ ಮನೆಗೆ ಮರಳುವಾಗ ಅವರ ಮುಖ ನೋಡಲಾಗಲಿಲ್ಲ. ಇದರಿಂದ ಪಾಠ ಕಲಿತು ಎರಡನೆಯ ತಂಡದಿಂದ ಮುಂದೆ ಹೀಗೆ ಮಾಡಿದೆವು: ಹೊರಡುವ ವಾರ ಮೊದಲು ಆರೋಗ್ಯ ಕೇಂದ್ರದಲ್ಲಿ ಸಕ್ಕರೆ ಮತ್ತು ರಕ್ತದೊತ್ತಡ ನೋಡಿಸುವುದು, ಅವರು ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಚೀಟಿಗಳನ್ನು ಒಂದು ಚೀಲದಲ್ಲಿ ಹಾಕಿ ಜೊತೆಗೆ ಕೊಡುವುದು. ರಕ್ತ ತೆಳುವಾಗಿಸುವ ಮಾತ್ರೆ, ಗಂಡಸರಾದರೆ ಮೂತ್ರದ ತೊಂದರೆಗೆ ನುಂಗುವ ಮಾತ್ರೆ, ಇವನ್ನು ವೈದ್ಯರಿಗೆ ಮೊದಲೇ ತೋರಿಸಲೇಬೇಕು.

ಇನ್ನೊಂದು ಲೆಕ್ಕವೂ ತಪ್ಪಿತ್ತು. ರೋಗಿಗಳು ಒಂದು ರಾತ್ರಿ ಆಸ್ಪತ್ರೆಯಲ್ಲೇ ಉಳಿಯುವುದರಿಂದ ಗಾಡಿ ಬಿಟ್ಟುಬರಲು ಒಮ್ಮೆ, ಕರೆತರಲು ಒಮ್ಮೆ, ಎರಡು ಸಲ ಹೋಗಬೇಕು. ನಾಲ್ಕು ತಂಡಗಳಿಗೆ ನಾಲ್ಕು ಸಲದ ಬಾಡಿಗೆ ಎಂದುಕೊಂಡಿದ್ದೆವು, ಎಂಟು ಸಲ ಆಯಿತು. ಸಲಕ್ಕೆ 2,800ರಂತೆ 22,400 ರೂಪಾಯಿ. ಶಾಮಿಯಾನ ಮತ್ತು ಕುರ್ಚಿಗಳಿಗೆ 4,500, ಶಿಬಿರದ ದಿನದ ಊಟಕ್ಕೆ 6,300, ಮೈಕಿನ ಆಟೋಕ್ಕೆ 1,200, ಝೆರಾಕ್ಸ್ ಇತ್ಯಾದಿಗೆ 900, ಆಸ್ಪತ್ರೆಯಲ್ಲಿ ಜೊತೆಗಿದ್ದವರ ಊಟಕ್ಕೆ 3,200, ಓದುವ ಕನ್ನಡಕಗಳಿಗೆ 3,200. ಒಟ್ಟು 41,700. ಕೊರತೆ ಬಿದ್ದ 3,240 ರೂಪಾಯಿಯನ್ನು ಸ್ತ್ರೀ ಸಮಾಜ ತನ್ನ ಡಬ್ಬಿಯಿಂದ ಕೊಟ್ಟಿತು. ಲೆಕ್ಕವನ್ನು ಚರ್ಚಿನಲ್ಲಿಯೂ ಪಂಚಾಯಿತಿಯಲ್ಲಿಯೂ ಓದಿದ್ದೇವೆ. ಮುಂದಿನ ಪರೀಕ್ಷೆಗಳಿಗೆ ಬಸ್ಸಿನಲ್ಲೇ ಹೋದೆವು. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಡಿ ಟಿಕೆಟಿನ ಹಣವಿಲ್ಲ, ಗುರುತಿನ ಚೀಟಿ ಮಾತ್ರ ಮರೆಯಬಾರದು.

41 ಮಂದಿಯಲ್ಲಿ ಆರು ಮಂದಿ ಒಪ್ಪಲಿಲ್ಲ. ಕಣ್ಣುಗುಡ್ಡೆಯನ್ನು ತೆಗೆದು, ತೊಳೆದು, ಮತ್ತೆ ಹಾಕುತ್ತಾರೆ ಎಂಬ ಮಾತು ಅವರ ಮನಸ್ಸಿನಿಂದ ಹೋಗಲಿಲ್ಲ. ಇನ್ನು ಆರು ಮಂದಿಗೆ ಸಕ್ಕರೆ ಇನ್ನೂ ಹತೋಟಿಗೆ ಬಂದಿಲ್ಲ. ಫೆಬ್ರುವರಿ ಮೂರನೆಯ ವಾರದ ಹೊತ್ತಿಗೆ 29 ಮಂದಿಗೆ ಒಂದೊಂದು ಕಣ್ಣಿನ ಆಪರೇಷನ್ ಆಯಿತು.

ಆಮೇಲಿನದೇ ನಿಜವಾದ ಕೆಲಸ. ಮೊದಲ ವಾರ ದಿನಕ್ಕೆ ಆರು ಸಲ ಹನಿ ಹಾಕಬೇಕು, ಬಳಿಕ ವಾರವಾರ ಕಡಿಮೆ ಮಾಡುತ್ತಾ ಒಂದು ತಿಂಗಳಿಗಿಂತ ಹೆಚ್ಚು ಕಾಲ ನಡೆಸಬೇಕು. ಎರಡು ಬಗೆಯ ಮದ್ದು ಇದ್ದರೆ ನಡುವೆ ಐದು ನಿಮಿಷ ಬಿಡಬೇಕು. ಅದು ಕಡಲೆ ಕೀಳುವ ಕಾಲ. ಮನೆಯವರೆಲ್ಲ ಬೆಳಗ್ಗೆ ಏಳಕ್ಕೇ ಹೊಲಕ್ಕೆ ಹೋದರೆ ಬರುವುದು ಸಂಜೆ. ಆಪರೇಷನ್ ಆದವರು ಒಬ್ಬರೇ ಮನೆಯಲ್ಲಿ, ಶೀಷೆಯ ಮೇಲಿನ ಅಕ್ಷರ ಓದಲು ಬಾರದು, ತಾವೇ ಹಾಕಿಕೊಂಡರೆ ಹನಿ ಕೆನ್ನೆಯ ಮೇಲೆ. ನಮ್ಮ ಒಂದು ಕ್ಲಾಸಿನ ನಾಯಕಿ, ಬೀಡಿ ಅಂಗಡಿ ಇಟ್ಟುಕೊಂಡಿರುವ ತಾಯಿ, ಒಂದು ಶೀಷೆಯ ಕುತ್ತಿಗೆಗೆ ಕೆಂಪು ದಾರ, ಇನ್ನೊಂದಕ್ಕೆ ಬಿಳಿ ದಾರ ಕಟ್ಟಿ, ರಟ್ಟಿನ ಮೇಲೆ ಸೂರ್ಯ ಹುಟ್ಟುವುದು, ನೆತ್ತಿಗೆ ಬರುವುದು, ಮುಳುಗುವುದು ಎಂದು ಚಿತ್ರ ಬರೆದು, ಅದರ ಕೆಳಗೆ ದಾರದ ಬಣ್ಣದ ಚುಕ್ಕೆಗಳನ್ನು ಇಟ್ಟರು. ಹನಿ ಹಾಕಿದಾಗೊಮ್ಮೆ ಚುಕ್ಕೆಯ ಮೇಲೆ ಗೀಟು ಎಳೆಯುವುದು. ಎರಡೇ ದಿನದಲ್ಲಿ ಆ ರಟ್ಟು ಎಲ್ಲ ಮನೆಗಳಿಗೂ ಹೋಯಿತು. ಮಧ್ಯಾಹ್ನದ ಹನಿಗಳನ್ನು ಶಾಲೆಯ ಊಟದ ಬಿಡುವಿನಲ್ಲಿ ಎಂಟನೆಯ ತರಗತಿಯ ಹುಡುಗಿಯರು ಸೋಪಿನಿಂದ ಕೈ ತೊಳೆದು ಹಾಕಿ ಬಂದರು.

ಒಲೆಯ ಮುಂದೆ ಕೂರಬಾರದು, ವೈದ್ಯರು ಹೇಳುವವರೆಗೆ ತಲೆಗೆ ನೀರು ಹಾಕಿಕೊಳ್ಳಬಾರದು, ಕಣ್ಣು ಉಜ್ಜಬಾರದು, ಭಾರ ಎತ್ತಬಾರದು ಎಂಬವುಗಳನ್ನು ರೋಗಿಗಿಂತ ಸೊಸೆಗೆ ಹೇಳುವುದು ಮುಖ್ಯ. ಕಣ್ಣು ಕೆಂಪಾಗಿ ನೋವು ಬಂದರೆ, ಕಂಡದ್ದು ಮತ್ತೆ ಮಸುಕಾದರೆ, ನಾಳೆ ನೋಡೋಣ ಎನ್ನದೆ ಅಂದೇ ಆಸ್ಪತ್ರೆಗೆ ಹೋಗಬೇಕು. ನಮ್ಮಲ್ಲಿ ಒಬ್ಬರಿಗೆ ಐದನೆಯ ದಿನ ಹಾಗಾಯಿತು. ರಾತ್ರಿ ಎಂಟಕ್ಕೆ ಅವರ ಹೊಣೆ ಹೊತ್ತ ಮನೆಯ ಹುಡುಗ ಮೋಟಾರ್ ಸೈಕಲಿನಲ್ಲಿ ನನ್ನ ಮನೆಗೆ ಬಂದು ತಿಳಿಸಿದ, ಒಂಬತ್ತಕ್ಕೆ ಗಾಡಿ ಹೊರಟಿತು. ಸಮಯಕ್ಕೆ ತಲುಪಿದ್ದರಿಂದ ಕಣ್ಣು ಉಳಿಯಿತು. ಒಂದೊಂದು ಮನೆಗೆ ಒಬ್ಬರೆಂದು ಬರೆದಿರದಿದ್ದರೆ ಆ ಸಂಜೆ ಯಾರಾದರೂ ಅವರನ್ನು ನೋಡುತ್ತಿದ್ದರೇ ಎಂದು ನಾನು ಈಗಲೂ ಯೋಚಿಸುತ್ತೇನೆ.

ಜೂನ್‌ನಲ್ಲಿ ಗಟಾರದಲ್ಲಿ ಬಿದ್ದಿದ್ದ ತಾಯಿ ಮೂರನೆಯ ತಂಡದಲ್ಲಿದ್ದರು. ಕಳೆದ ವಾರ ಅವರ ಮನೆಗೆ ಹೋದಾಗ ಅಂಗಳದಲ್ಲಿ ಮೊರ ಮುಂದಿಟ್ಟುಕೊಂಡು ತೊಗರಿ ಬ್ಯಾಳಿ ಹಸನು ಮಾಡುತ್ತಿದ್ದರು. ನಾನು ಬಂದದ್ದನ್ನು ನೋಡಿಯೂ ಕೈ ನಿಲ್ಲಿಸಲಿಲ್ಲ. ಸಾಸಿವೆ ಕಾಳಿನಷ್ಟು ಸಣ್ಣ ಕಲ್ಲೊಂದನ್ನು ಉಗುರಿನಿಂದ ಎತ್ತಿ, ಬಿಸಿಲಿಗೆ ಹಿಡಿದು, ನನ್ನ ಅಂಗೈಯಲ್ಲಿ ಇಟ್ಟು, "ಎರಡು ವರ್ಷ ಇದನ್ನೇ ತಿಂದೀವಿ ನೋಡ್ರಿ" ಎಂದರು. ಎರಡನೆಯ ಕಣ್ಣಿನದು ಯಾವಾಗ ಎಂದೂ ಕೇಳಿದರು.

ಎರಡನೆಯ ಕಣ್ಣಿಗೆ ಹೆಸರು ಕೊಟ್ಟಿರುವವರು ಈಗ ಏಳು ಮಂದಿ. ಒಲ್ಲೆ ಎಂದಿದ್ದ ಆರು ಮಂದಿಯಲ್ಲಿ ಇಬ್ಬರು ತಾವಾಗಿಯೇ ಬಂದು ಸೇರಿಸಿಕೊಳ್ಳಿರಿ ಎಂದಿದ್ದಾರೆ. ಈಸ್ಟರ್ ಕಳೆದ ಮರುವಾರ ಸೋಮವಾರ ಬೆಳಗ್ಗೆ ಆರಕ್ಕೆ ಗಾಡಿ ಶಾಲೆಯ ಮುಂದಿನಿಂದ ಹೊರಡುತ್ತದೆ. ಸಕ್ಕರೆ ಮತ್ತು ರಕ್ತದೊತ್ತಡದ ಚೀಟಿ ಆ ವಾರದ್ದೇ ಆಗಿರಬೇಕೆಂದು ಒಂಬತ್ತು ಮನೆಗಳಿಗೂ ಹೇಳಿ ಬಂದಿದ್ದೇವೆ.